ರಾಜ್ಯೋತ್ಸವ ಮೆರವಣಿಗೆಗೆ ಪಾಲಿಕೆಯ ಪತ್ರವೊಂದೇ ಸಾಲದು

ಮುಂಬಯಿಯ ಕನ್ನಡ ಬಂಧುಗಳೇ, ನವೆಂಬರ್ 1ಕ್ಕೆ ತಾಯಿ ಭುವನೇಶ್ವರಿಯ ಮೆರವಣಿಗೆ ಹೊರಡಿಸುವ ಸಂಘದವರು ದಯವಿಟ್ಟು ಗಮನಿಸಿ. ವಾರ್ಡ್ ಕಚೇರಿಗೆ ಪತ್ರ ಕೊಟ್ಟರೆ ಮುಗಿಯಿತು ಎಂದು ಹಲವರು ನಂಬಿದ್ದಾರೆ. ಮುಗಿಯುವುದಿಲ್ಲ. ಪಾಲಿಕೆಯ ಒಪ್ಪಿಗೆ ಬೇಕಾಗುವುದು ಚಪ್ಪರ, ವೇದಿಕೆ, ಕಮಾನು, ಬ್ಯಾನರ್‌ಗಳಿಗೆ. ರಸ್ತೆಯಲ್ಲಿ ಸಾಗಲು ಅನುಮತಿ ಕೊಡುವವರು ಪೊಲೀಸರು. 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37(3)ನೇ ಕಲಮಿನಡಿ ನಗರದಲ್ಲಿ ಆಗಾಗ ನಿಷೇಧಾಜ್ಞೆ ಜಾರಿಯಲ್ಲಿರುತ್ತದೆ. ಆಗ ಅನುಮತಿಯಿಲ್ಲದೆ ಹೊರಟರೆ ಪ್ರಕರಣ ದಾಖಲಾಗಬಹುದು.

ಅರ್ಜಿಯಲ್ಲಿ ಮಾರ್ಗದ ವಿವರವೇ ಮುಖ್ಯ. ‘ಮಾಟುಂಗದಿಂದ ಸಯನ್‌ವರೆಗೆ’ ಎಂದಷ್ಟೇ ಬರೆಯಬೇಡಿ. ಯಾವ ರಸ್ತೆ, ಎಲ್ಲಿ ತಿರುವು, ಎಲ್ಲಿ ನಿಂತು ಡೊಳ್ಳು ಕುಣಿತ, ಎಷ್ಟು ಜನ, ಎಷ್ಟು ವಾಹನ, ಹೊರಡುವ ಮತ್ತು ಮುಗಿಯುವ ಸಮಯ ಎಲ್ಲವನ್ನೂ ನಕ್ಷೆಯೊಂದಿಗೆ ಕೊಡಿ. ಸ್ತಬ್ಧಚಿತ್ರವಿದ್ದರೆ ಅದರ ಎತ್ತರವನ್ನೂ ತಿಳಿಸಿ. ನಮ್ಮ ಗಲ್ಲಿಗಳ ತಂತಿ, ಕೊಂಬೆಗಳನ್ನು ಮೊದಲೇ ನಡೆದು ನೋಡುವುದು ಒಳ್ಳೆಯದು. ಮಾರ್ಗ ಎರಡು ಠಾಣೆಗಳ ಗಡಿ ದಾಟಿದರೆ ಎರಡಕ್ಕೂ ತಿಳಿಸಿ, ಸಂಚಾರ ಪೊಲೀಸರಿಗೂ ಒಂದು ಪ್ರತಿ ಕೊಡಿ. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ.

ಧ್ವನಿವರ್ಧಕಕ್ಕೆ ಪ್ರತ್ಯೇಕ ಅನುಮತಿ ಪಡೆಯಿರಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಿರಬಹುದು. ಅಲ್ಲಿ ಚೆಂಡೆಯನ್ನೂ ನಿಲ್ಲಿಸಿ ಸಾಗಿ. ಒಳಗೆ ಮಲಗಿರುವ ರೋಗಿಗಳಲ್ಲಿ ನಮ್ಮವರೂ ಇರುತ್ತಾರೆ.

ಪ್ರತಿ ಕಚೇರಿಯಲ್ಲೂ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮೆರವಣಿಗೆಯ ದಿನ ಅನುಮತಿ ಪತ್ರದ ಮೂಲಪ್ರತಿ ಮುಂದಾಳುವಿನ ಕೈಯಲ್ಲೇ ಇರಲಿ.