ಚಾಪೆಲ್ಲಿನ ನಡುವೆ ಅಂತಸ್ತು ಬೇಡವೆಂದೆವು

ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ನಾಲ್ಕು ಬೀದಿ ಸುತ್ತಿದರೆ ಚಾಪೆಲ್ ಎಂಬ ಪ್ರಾರ್ಥನಾಮಂದಿರಗಳು ಎರಡು ಮೂರಾದರೂ ಎದುರಾಗುತ್ತವೆ. ಬೆಥೆಲ್, ಎಬೆನೇಜರ್, ಹೋರೆಬ್, ಸೇಲಮ್ ಎಂದು ಹೆಸರುಗಳೆಲ್ಲ ಬೈಬಲ್ಲಿನವು. ಆಂಗ್ಲಿಕನ್ ಚರ್ಚಿನಿಂದ ಹೊರಗೆ ನಿಂತ ಬ್ಯಾಪ್ಟಿಸ್ಟ್, ಇಂಡಿಪೆಂಡೆಂಟ್, ಮೆಥಡಿಸ್ಟ್ ಪಂಗಡಗಳ ಗಣಿ ಕೆಲಸಗಾರರು ತಮ್ಮ ಕೂಲಿಯಲ್ಲಿ ಉಳಿಸಿ ಇವನ್ನು ಕಟ್ಟಿಸಿಕೊಂಡರು. ಎಷ್ಟೋ ಚಾಪೆಲ್‌ಗಳ ಮುಂಗೋಡೆಯ ಮೇಲೆ ಎರಡು ಇಸವಿಗಳಿವೆ. ಒಂದು ಮೊದಲು ಕಟ್ಟಿದ್ದು, ಇನ್ನೊಂದು ಗಣಿಗೆ ಜನ ಬಂದು ಜಾಗ ಸಾಲದಾದಾಗ ದೊಡ್ಡದಾಗಿ ಮತ್ತೆ ಕಟ್ಟಿದ್ದು. ಗಣಿಗಳು ಮುಚ್ಚಿದವು, ಸಭೆಗಳೂ ಕರಗಿದವು. ಹಾಗೆ ಬೀಗ ಬಿದ್ದ ಒಂದು ಇಂಡಿಪೆಂಡೆಂಟ್ ಚಾಪೆಲ್ಲನ್ನು ಊರಿನವರ ಪರಂಪರೆ ಕೇಂದ್ರವಾಗಿ ಮಾಡುವ ಕೆಲಸದಲ್ಲಿ ಸಂರಕ್ಷಣಾ ವಾಸ್ತುಶಿಲ್ಪಿಯಾಗಿ ನಾನಿದ್ದೆ.

ಇಂಥ ಕೆಲಸದಲ್ಲಿ ಮೊದಲು ಬರುವ ಸಲಹೆ ಒಂದೇ: ಗ್ಯಾಲರಿಯ ಮಟ್ಟಕ್ಕೆ ಅಡ್ಡಲಾಗಿ ಒಂದು ಅಂತಸ್ತು ಹಾಕಿ. ನೆಲದ ವಿಸ್ತೀರ್ಣ ಹೆಚ್ಚುತ್ತದೆ, ಬಾಡಿಗೆ ಬರುತ್ತದೆ, ಬಿಸಿ ಮಾಡಬೇಕಾದ ಗಾಳಿ ಕಡಿಮೆಯಾಗುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಚಾಪೆಲ್ ಎಂದರೆ ಆ ಒಂದು ಕೋಣೆಯೇ. ಹೊರಗಿನಿಂದ ನೋಡಿದರೆ ಕಲ್ಲಿನ ಪೆಟ್ಟಿಗೆ, ಸಂಪತ್ತೆಲ್ಲ ಒಳಗೆ. ಎರಕದ ಕಬ್ಬಿಣದ ತೆಳು ಕಂಬಗಳ ಮೇಲೆ ಮೂರು ಕಡೆ ಬಳಸಿ ಬಂದ ಗ್ಯಾಲರಿ, ನಡುವೆ ಎತ್ತರದ ಪ್ರಸಂಗಪೀಠ, ಅದರ ಕೆಳಗೆ ಸಭೆಯ ಹಿರಿಯರು ಕೂರುವ, ವೇಲ್ಸ್‌ನವರು ‘ಸೇಟ್ ವೌರ್’ ಎನ್ನುವ ದೊಡ್ಡ ಆಸನ. ಪ್ರಸಂಗ ಮಾಡುವವನಿಂದ ಯಾರೂ ದೂರವಾಗದಂತೆ, ನೂರಾರು ಜನ ನಾಲ್ಕು ಸ್ವರಭಾಗಗಳಲ್ಲಿ ಒಟ್ಟಿಗೆ ಹಾಡಿದರೆ ಎಲ್ಲವೂ ಒಂದಾಗಿ ಕೇಳುವಂತೆ ಕಟ್ಟಿದ ಕೋಣೆ ಅದು. ‘ಕಮಾನ್ವ ಗಾನಿ’ ಎಂಬ ಸ್ತುತಿಗೀತೆಗಳ ಉತ್ಸವಗಳು ಇಂಥ ಕೋಣೆಗಳಲ್ಲೇ ಬೆಳೆದವು. ನಡುವೆ ಅಂತಸ್ತು ಹಾಕಿದರೆ ಕೆಳಗೆ ತಗ್ಗು ಚಾವಣಿಯ ಒಂದು ಸಭಾಂಗಣ, ಮೇಲೆ ಕಿಟಕಿಗಳ ಅರ್ಧ ಉಳಿದ ಒಂದು ಉಪ್ಪರಿಗೆ ಸಿಗುತ್ತದೆ. ಚಾಪೆಲ್ ಮಾತ್ರ ಎಲ್ಲೂ ಉಳಿಯುವುದಿಲ್ಲ. ಪರಂಪರೆ ಕೇಂದ್ರಕ್ಕಾಗಿ ಪರಂಪರೆಯನ್ನೇ ಕತ್ತರಿಸುವುದಕ್ಕೆ ನಾನು ಒಪ್ಪಲಿಲ್ಲ. ಸಮಿತಿಯೂ ಕೊನೆಗೆ ಒಪ್ಪಲಿಲ್ಲ.

ಹಾಗಾದರೆ ದಿನನಿತ್ಯದ ಬಳಕೆಗೆ ಜಾಗ ಎಲ್ಲಿ? ಗ್ಯಾಲರಿಯ ಕೆಳಗೆ, ಬಾಗಿಲ ಕಡೆಯ ಭಾಗಕ್ಕೆ ಗಾಜಿನ ಗೋಡೆ ನಿಲ್ಲಿಸಿ ಬೆಚ್ಚಗಿನ ಒಂದು ಸಣ್ಣ ಕೋಣೆ ಮಾಡಿದೆವು. ಗಾಜಿನ ಚೌಕಟ್ಟನ್ನು ಹಳೆಯ ಮರಕ್ಕೆ ಮೊಳೆ ಹೊಡೆಯದೆ ಕೂರಿಸಿದ್ದೇವೆ; ಮುಂದಿನವರಿಗೆ ಬೇಡವಾದರೆ ಬಿಚ್ಚಿ ತೆಗೆಯಬಹುದು. ಅಡುಗೆಮನೆ, ಶೌಚಾಲಯ, ಚಹಾದ ಮೇಜುಗಳೆಲ್ಲ ಚಾಪೆಲ್ಲಿನ ಹಿಂಬದಿಗಿರುವ ವೆಸ್ಟ್ರಿ ಎಂಬ ಕೋಣೆಗೆ ಹೋದವು. ಭಾನುವಾರದ ಶಾಲೆ ನಡೆಯುತ್ತಿದ್ದದ್ದು ಅಲ್ಲಿಯೇ, ಹಾಗಾಗಿ ಗದ್ದಲ ಆ ಗೋಡೆಗಳಿಗೆ ಹೊಸದಲ್ಲ. ಚಳಿಗಾಲದಲ್ಲಿ ದೊಡ್ಡ ಕೋಣೆಯನ್ನು ಕಾರ್ಯಕ್ರಮವಿದ್ದಾಗ ಮಾತ್ರ ಬಿಸಿ ಮಾಡುತ್ತೇವೆ.

ಬೆಂಚುಗಳ ವಿಷಯಕ್ಕೆ ತುಂಬ ವಾದ ನಡೆಯಿತು. ಪಿಚ್ ಪೈನ್ ಮರದ ಬೆಂಚುಗಳು, ಪ್ರತಿಯೊಂದರ ತುದಿಗೂ ಸಂಖ್ಯೆಯ ಬಿಲ್ಲೆ. ಕುಟುಂಬಗಳು ಬಾಡಿಗೆ ಕೊಟ್ಟು ಹಿಡಿದುಕೊಂಡಿದ್ದ ಜಾಗಗಳು. ಕೂತವರ ಪಕ್ಕದಲ್ಲಿ ಕೊಡೆ ನಿಲ್ಲಿಸಲು ಕಬ್ಬಿಣದ ಬಳೆ, ಅದರ ಕೆಳಗೆ ನೀರು ಇಳಿಯಲು ಪುಟ್ಟ ತಟ್ಟೆ. ಮುಂದಿನ ಬೆಂಚಿನ ಬೆನ್ನಿಗೆ ಹತ್ತಿದ ಪುಸ್ತಕದ ಹಲಗೆಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ತೂತುಗಳು. ಪ್ರಭುಭೋಜನಕ್ಕೆ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುವುದು ನಿಂತು ಒಬ್ಬೊಬ್ಬರಿಗೂ ಪುಟ್ಟ ಗಾಜಿನ ಲೋಟ ಬಂದಾಗ, ಆ ಲೋಟ ಇಡುವುದಕ್ಕೆ ಕೊರೆದದ್ದು. ಬೆಂಚುಗಳನ್ನು ಪೂರ್ತಿ ತೆಗೆದರೆ ಈ ಬದುಕೇ ಅಳಿಸಿಹೋಗುತ್ತದೆ. ಪೂರ್ತಿ ಬಿಟ್ಟರೆ ಊಟ, ನೃತ್ಯ, ಮಕ್ಕಳ ಆಟ ಯಾವುದೂ ನಡೆಯುವುದಿಲ್ಲ. ನೆಲದ ನಡುಭಾಗದವನ್ನು ಮಾತ್ರ ಬಿಚ್ಚಿ, ಗಟ್ಟಿಯಾಗಿದ್ದವನ್ನು ಮೊಟಕುಗೊಳಿಸದೆ ಚಕ್ರದ ಪೀಠಗಳ ಮೇಲೆ ನಿಲ್ಲಿಸಿದೆವು. ಪಕ್ಕದ ಸಾಲುಗಳು, ಗ್ಯಾಲರಿ, ಸೇಟ್ ವೌರ್ ಹಾಗೆಯೇ ಇವೆ. ಬಿಚ್ಚುವ ಮುನ್ನ ಪ್ರತಿಯೊಂದಕ್ಕೂ ನಕ್ಷೆಯಲ್ಲಿ ಗುರುತು ಹಾಕಿ ಫೋಟೋ ತೆಗೆಸಿಟ್ಟೆ.

ಇನ್ನು ನೀರು. ಹಳೆಯ ಕಟ್ಟಡಕ್ಕೆ ದುಡ್ಡು ಸುರಿಯುವ ಮುನ್ನ ಮಳೆ ಬರುವಾಗ ಅದರ ಸುತ್ತ ನಡೆಯಬೇಕು. ಇಲ್ಲಿ ಮುಂಗೋಡೆಯ ಹಿಂದೆ ಅಡಗಿದ ಸೀಸದ ಹಾಸಿನ ಕಾಲುವೆ ಕಸ ಕಟ್ಟಿ, ನೀರು ಗೋಡೆಯೊಳಗೆ ಇಳಿದು, ಗೋಡೆಯಲ್ಲಿ ಹೂತಿದ್ದ ತೊಲೆಯ ತುದಿಗಳಿಗೆ ಡ್ರೈ ರಾಟ್ ಎಂಬ ಶಿಲೀಂಧ್ರ ಹತ್ತಿತ್ತು. ಅದರ ಮೇಲೆ ಯಾವುದೋ ಕಾಲದಲ್ಲಿ ಕಲ್ಲಿನ ಸಂದುಗಳಿಗೆ ಸಿಮೆಂಟ್ ತುಂಬಿದ್ದರು. ಈ ಕಡೆಯ ಪೆನ್ನೆಂಟ್ ಮರಳುಗಲ್ಲು ಬಿರುಸು. ನೀರು ಬರುವುದೂ ಹೋಗುವುದೂ ಬಹುಮಟ್ಟಿಗೆ ಸಂದುಗಳಿಂದಲೇ. ಸಿಮೆಂಟ್ ಬಿರುಕಿನಲ್ಲಿ ನೀರನ್ನು ಒಳಗೆ ಬಿಡುತ್ತದೆ, ಆರಿ ಹೋಗಲು ಬಿಡುವುದಿಲ್ಲ. ಅದನ್ನು ಕೈ ಉಳಿಯಿಂದ ನಿಧಾನವಾಗಿ ಕಿತ್ತು ಸುಣ್ಣದ ಗಾರೆ ತುಂಬಿಸಿದೆವು. ಗಾರೆ ತುಂಬಿದ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿಡುವುದನ್ನು ಕಂಡಾಗ ನಮ್ಮ ಕಡೆಯ ಹಳೆಯ ಮೇಸ್ತ್ರಿಗಳಿಗೆ ಇಲ್ಲಿ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ ಎನಿಸಿತು.

ಕಷ್ಟವಾದದ್ದು ಕಾಲದ ಹೊಂದಾಣಿಕೆ. ತಾಪಮಾನ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಸುಣ್ಣದ ಕೆಲಸ ಮಾಡಬಾರದು. ಹಿಮ ಬಿದ್ದರೆ ಹಸಿ ಗಾರೆ ಪುಡಿಯಾಗುತ್ತದೆ. ಅಟ್ಟದಲ್ಲಿ ಬಾವಲಿಗಳಿದ್ದವು. ಬ್ರಿಟನ್ನಿನಲ್ಲಿ ಎಲ್ಲ ಬಾವಲಿಗಳಿಗೂ ಕಾನೂನಿನ ರಕ್ಷಣೆ ಇದೆ; ಅವು ಮರಿ ಸಾಕುವ ಬೇಸಗೆಯಲ್ಲಿ ಚಾವಣಿ ಮುಟ್ಟುವಂತಿಲ್ಲ, ಆಮೇಲೂ ಪರವಾನಗಿ ಬೇಕು. ಗೋಡೆಗೆ ಬೇಸಗೆ ಬೇಕು, ಚಾವಣಿಗೆ ಬೇಸಗೆ ಬೇಡ. ಹಾಗಾಗಿ ಬೇಸಗೆಯಲ್ಲಿ ಗೋಡೆ ಮುಗಿಸಿ, ಶರತ್ಕಾಲದಲ್ಲಿ ಇಡೀ ಕಟ್ಟಡದ ಮೇಲೆ ತಾತ್ಕಾಲಿಕ ತಗಡಿನ ಮಾಡು ಹಾಕಿ ಚಾವಣಿಯ ಸ್ಲೇಟು ಕಲ್ಲಿನ ಹಂಚುಗಳನ್ನು ಬಿಚ್ಚಿದೆವು. ಆ ಮಾಡಿನ ಖರ್ಚು ಯಾರ ಕಣ್ಣಿಗೂ ಕಾಣದ ಖರ್ಚು. ಅಂದಾಜುಪಟ್ಟಿಯಲ್ಲಿ ಅದನ್ನು ಮೊದಲೇ ಬರೆಯಿರಿ.

ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದುದರಿಂದ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕಾಯಿತು. ಬಳಕೆ ಬದಲಾವಣೆಗೆ ಬೇರೆ ಅರ್ಜಿ. ಹಣದ ದೊಡ್ಡ ಭಾಗಕ್ಕೆ ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯ ಹಣವನ್ನು ಹಂಚುವ ಪರಂಪರೆ ನಿಧಿಯ ಮೊರೆಹೋದೆವು. ಇಂಥ ಚಾಪೆಲ್‌ಗಳನ್ನೇ ನೋಡಿಕೊಳ್ಳಲು 1999ರಲ್ಲಿ ಹುಟ್ಟಿದ ‘ಅಡೋಲ್ಡೈ ಕಮ್ರಿ’ ಟ್ರಸ್ಟ್ ಉಳಿಸಿದ ಕಟ್ಟಡಗಳನ್ನು ಮೊದಲೇ ಹೋಗಿ ನೋಡುವುದು ಒಳ್ಳೆಯದು.

ವೆಸ್ಟ್ರಿಯ ಕಪಾಟಿನಲ್ಲಿ ಲೆಕ್ಕದ ಪುಸ್ತಕಗಳ ಜೊತೆ ಲಂಡನ್ ಮಿಷನರಿ ಸೊಸೈಟಿಯ ವರದಿಗಳು ಸಿಕ್ಕವು. ವೇಲ್ಸ್‌ನ ಇಂಡಿಪೆಂಡೆಂಟರು ಆ ಸೊಸೈಟಿಗೆ ದೇಣಿಗೆ ಕಳಿಸುತ್ತಿದ್ದರು. ಸೊಸೈಟಿ 1810ರಿಂದ ಬಳ್ಳಾರಿಯಲ್ಲಿ ನೆಲೆಯೂರಿತ್ತು. ಒಂದು ಪುಟದಲ್ಲಿ ಬಳ್ಳಾರಿಯ ಹೆಸರು ಕಂಡು ನಾನು ಆ ದಿನ ಬೇರೆ ಕೆಲಸ ಮಾಡಲಿಲ್ಲ. ಮೂಲ ಕಾಗದಗಳನ್ನು ಜಿಲ್ಲಾ ದಾಖಲೆ ಸಂಗ್ರಹಕ್ಕೆ ಒಪ್ಪಿಸಿ ಪ್ರತಿಗಳನ್ನು ಪ್ರದರ್ಶನಕ್ಕಿಟ್ಟಿದ್ದೇವೆ. ಫಲಕಗಳಲ್ಲಿ ವೆಲ್ಷ್ ಮೊದಲು, ಇಂಗ್ಲಿಷ್ ಆಮೇಲೆ. ಆ ಬರಹವನ್ನು ಅಲ್ಲೇ ಭಾನುವಾರದ ಶಾಲೆ ಕಲಿತ ಹಿರಿಯರಿಂದ ಬರೆಸಿದೆವು.

ಈಗ ಗ್ಯಾಲರಿಯಲ್ಲಿ ಊರಿನ ಗಾಯಕವೃಂದ ಅಭ್ಯಾಸ ಮಾಡುತ್ತದೆ. ಆರ್ಗನ್ನಿನ ತಿದಿಗಳ ಚರ್ಮ ಇನ್ನೂ ಬದಲಾಗಬೇಕಿದೆ. ಅದಕ್ಕೆ ಪ್ರತ್ಯೇಕವಾಗಿ ಹಣ ಕೂಡಿಸುತ್ತಿದ್ದೇವೆ. ಆ ಸೀಸದ ಕಾಲುವೆಯನ್ನು ಎಲೆ ಉದುರಿದ ಮೇಲೊಮ್ಮೆ, ವಸಂತದಲ್ಲಿ ಇನ್ನೊಮ್ಮೆ ತೊಳೆಸುವ ಖರ್ಚನ್ನು ಸಮಿತಿಯ ವಾರ್ಷಿಕ ಲೆಕ್ಕದ ಮೊದಲ ಸಾಲಿನಲ್ಲೇ ಬರೆಸಿದ್ದೇನೆ.