ಹಳೆಯ ಸಾಹಸ, ಐದನೇ ಆವೃತ್ತಿ: ಮೊದಲ ಗುಹೆಯಲ್ಲೇ ತಂಡ ಸಾಯುತ್ತಿದ್ದರೆ

'ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್' ಎಂಬ ಹಳೆಯ ಸಾಹಸ-ಕಥೆಯನ್ನು, ದಾಳ ಹಾಕಿ ಪಾತ್ರ ವಹಿಸುವ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ (ಐದನೇ ಆವೃತ್ತಿಯ) ನಿಯಮಗಳಲ್ಲಿ ಆಡಿಸಿದಾಗ, ಒಂದನೇ ಲೆವೆಲ್‌ನ ನಾಲ್ವರು ಆಟಗಾರರ ಪಾತ್ರಗಳು ಕೋಬೋಲ್ಡ್ (ಪುಟ್ಟ ದುಷ್ಟ ಜೀವಿಗಳ) ಗುಹೆಯಲ್ಲೇ ನೆಲಕಚ್ಚುತ್ತಿದ್ದವು.

ಮೊದಲು ಹೊಸ ನಿಯಮದ ಅದೇ ಹೆಸರಿನ ಜೀವಿಗಳನ್ನು ಅಷ್ಟೇ ಸಂಖ್ಯೆಯಲ್ಲಿ ಇಟ್ಟೆ, ಆಗಲಿಲ್ಲ. ಸಂಖ್ಯೆ ಅರ್ಧ ಮಾಡಿದರೆ ಗುಹೆ ಬಿಕೋ ಎನ್ನುತ್ತದೆ. ಹಳೆಯ ಆರ್ಮರ್ ಕ್ಲಾಸನ್ನು (ಹೊಡೆತ ತಪ್ಪಿಸುವ ರಕ್ಷಣೆಯ ಅಂಕಿ) ಹೊಸದಕ್ಕೆ ಬದಲಿಸಲು 19ರಿಂದ ಕಳೆದೆ. ಆ ಲೆಕ್ಕ ಸರಿಯೇ, ಆದರೆ ರೋಗ ಅಲ್ಲಿರಲಿಲ್ಲ.

ಹಳೆಯ ನಿಯಮ ಪ್ರತಿ ಭೇಟಿಯೂ ಕಾಳಗ ಎಂದುಕೊಳ್ಳುವುದಿಲ್ಲ. ಹಾಗಾಗಿ ಅಂಕಿಗಳಿಗಿಂತ ಮೊದಲು ದಾಳ ಹಾಕುವ ಎರಡು ಹಳೆಯ ಪರೀಕ್ಷೆಗಳನ್ನು ವಾಪಸ್ ತನ್ನಿ.

ಜೀವಿಗಳು ಎದುರಾದ ಕೂಡಲೇ 2ಡಿ6 (ಆರು ಮುಖದ ಎರಡು ದಾಳಗಳ ಮೊತ್ತ): 2 ಬಂದರೆ ದಾಳಿ, 3–5 ದಾಳಿಯ ಸಂಭವ, 6–8 ಅನುಮಾನ, 9ರಿಂದ ಮೇಲೆ ಮಾತುಕತೆಗೆ ಜಾಗ.

ನಂತರ ಮೊರೇಲ್ (ಜೀವಿಗಳ ಧೈರ್ಯದ ಅಂಕಿ): ಕೋಬೋಲ್ಡ್ 6, ಗಾಬ್ಲಿನ್ 7, ಆರ್ಕ್ 8. ಗುಂಪಿನಲ್ಲಿ ಮೊದಲ ಸಾವಾದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ 2ಡಿ6 ಹಾಕಿ. ಮೊರೇಲ್ ಮೀರಿದರೆ ಓಟ ಅಥವಾ ಶರಣಾಗತಿ. ಓಡಿದ ಶತ್ರುಗಳ ಎಕ್ಸ್‌ಪಿಯನ್ನೂ (ಲೆವೆಲ್ ಏರಿಸುವ ಅನುಭವದ ಅಂಕ) ತಂಡಕ್ಕೆ ಪೂರ್ತಿ ಕೊಡಿ, ಇಲ್ಲದಿದ್ದರೆ ಆಟಗಾರರು ಓಡುವವರ ಬೆನ್ನಟ್ಟುತ್ತಾರೆ.

ಸಂಖ್ಯೆಯ ಕೆಲಸ ಕೊನೆಗೆ. ಆರು ಕೋಬೋಲ್ಡ್, ತಲಾ 25 ಎಕ್ಸ್‌ಪಿ: 6×25=150, ಗುಂಪಿನಲ್ಲಿ ಬರುವುದಕ್ಕೆ ಗುಣಕ 2, ಒಟ್ಟು 300. ಈ ನಾಲ್ವರಿಗೆ ಅದು 'ಹಾರ್ಡ್' (ಕಠಿಣ) ಕಾಳಗದ ಮಿತಿ. ಒಮ್ಮೆಗೆ ಆರು ಸಾಕು, ಉಳಿದವರು ಮೂರು ರೌಂಡ್ ತಡವಾಗಿ ಬರಲಿ. ಓಗರ್ ಎಂಬ ದೈತ್ಯ ಒಂದೇ 450, 'ಡೆಡ್ಲಿ' (ಪ್ರಾಣಾಂತಿಕ) ಮಿತಿ 400. ಆದರೂ ಓಗರ್‌ನ ಬಲ ಇಳಿಸಬೇಡಿ: ಮೂಲದಲ್ಲಿ ಗಾಬ್ಲಿನ್‌ಗಳೇ ಅದಕ್ಕೆ ಚಿನ್ನ ಕೊಟ್ಟು ಕರೆಸುತ್ತವೆ, ತಂಡವೂ ಕೊಡಬಹುದು.

ಆದರೆ ಸಿಕ್ಕ ಚಿನ್ನಕ್ಕೆ ಎಕ್ಸ್‌ಪಿ ಕೊಡುವ ಹಳೆಯ ನಿಯಮವನ್ನು ಮಾತ್ರ ತರಬೇಡಿ. ಎರಡನೇ ಲೆವೆಲ್‌ಗೆ ಹೊಸ ನಿಯಮದಲ್ಲಿ 300 ಎಕ್ಸ್‌ಪಿ ಸಾಕು.