ಕಾಲೇಜು ಕುಸ್ತಿ: ಮ್ಯಾಟ್ ಹತ್ತುವ ಮೊದಲೇ ಸೋಲಬೇಡಿ

ಅಂತರ ಕಾಲೇಜು ಕುಸ್ತಿ ಹತ್ತಿರ ಬಂತೆಂದರೆ ನಮ್ಮ ಹುಡುಗರ ಬಾಯಲ್ಲಿ ಬರೀ ಪಟ್ಟಿನ ಮಾತು. ಸೋಲುವುದು ಮಾತ್ರ ತೂಕದ ಮಷೀನ್ ಮೇಲೆ. ಬೆಳಿಗ್ಗೆ ಏಳಕ್ಕೆ ವೇಟ್ ಕೊಡಬೇಕು ಅಂದರೆ ಐದಕ್ಕೇ ಎರಡೆರಡು ಜರ್ಕಿನ್ ಹಾಕಿಕೊಂಡು ಮೈದಾನ ಸುತ್ತುವವರು, ಖಾಲಿ ಬಾಟಲಿಗೆ ಎಂಜಲು ಉಗುಳುತ್ತ ಮೂಲೆಯಲ್ಲಿ ಕೂತವರು, ತುಟಿ ಒಡೆದು ಮಾತೇ ಹೊರಡದವರು ಪ್ರತಿ ಕೂಟದಲ್ಲೂ ಸಿಗುತ್ತಾರೆ. ಹೇಗೋ ತೂಕ ಪಾಸಾಗುತ್ತದೆ. ಆಮೇಲೆ ಮೊದಲ ಕುಸ್ತಿಯಲ್ಲೇ ಕಾಲು ಕೈಕೊಡುತ್ತದೆ. ಅದಕ್ಕೇ ಈ ಲೇಖನದಲ್ಲಿ ತೂಕದ ಮಾತು ಜಾಸ್ತಿ, ಉಳಿದದ್ದು ಕಡಿಮೆ.

ಹೆಜ್ಜೆ 1: ಕಾಗದಪತ್ರ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕಾಲೇಜು ಐಡಿ, ಆಧಾರ್, ಪ್ರಾಂಶುಪಾಲರ ಸಹಿ ಇರುವ ಅರ್ಹತಾ ಪತ್ರ. ನಾಲ್ಕೂ ಕಡೆ ಹೆಸರಿನ ಸ್ಪೆಲಿಂಗ್ ಒಂದೇ ಇರಲಿ. ಯೂನಿವರ್ಸಿಟಿ ಬ್ಲೂ (ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ ಆಟಗಾರ) ಆಗಿ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗುವ ಆಸೆ ಇದ್ದರೆ ವಯಸ್ಸಿನ ಮಿತಿಯನ್ನು ಈಗಲೇ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಹತ್ತಿರ ಕೇಳಿಕೊಳ್ಳಿ.

ಹೆಜ್ಜೆ 2: ಯಾರು ಯಾವ ತೂಕಕ್ಕೆ

ಇದನ್ನು ಆರು ವಾರ ಮೊದಲೇ ತೀರ್ಮಾನಿಸಿ. ಕಾಲಿಗೂ ಕೈ ಹಾಕಬಹುದಾದ ಪುರುಷರ ಫ್ರೀಸ್ಟೈಲ್‌ನಲ್ಲಿ 57, 61, 65, 70, 74, 79, 86, 92, 97 ಮತ್ತು 125 ಕೆ.ಜಿ. ಎಂದು ಹತ್ತು ವರ್ಗಗಳಿವೆ. ಗ್ರೀಕೊ-ರೋಮನ್‌ಗೆ (ಎದುರಾಳಿಯ ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಶೈಲಿ) ಬೇರೆ ಪಟ್ಟಿ: 55ರಿಂದ 130ರವರೆಗೆ. ಮಹಿಳೆಯರಿಗೆ 50ರಿಂದ 76. ಯಾವ ಪಟ್ಟಿ ಎಂದು ಸಂಘಟಕರ ಸುತ್ತೋಲೆಯಲ್ಲಿ ನೋಡಿಕೊಳ್ಳಿ. ಫ್ರೀಸ್ಟೈಲ್ ಅಂತ 61ಕ್ಕೆ ತಯಾರಾಗಿ, ಅಲ್ಲಿ ಹೋದ ಮೇಲೆ ಗ್ರೀಕೊ-ರೋಮನ್‌ನ 60 ಎಂದು ಗೊತ್ತಾದವರ ಮುಖ ನೋಡಲಾಗುವುದಿಲ್ಲ.

ತಂಡದ ಲೆಕ್ಕಾಚಾರದಲ್ಲಿ ಆಗುವ ದೊಡ್ಡ ಎಡವಟ್ಟು ಇದು. ಕಾಲೇಜಿನಲ್ಲಿ 65 ಕೆ.ಜಿ.ಗೆ ಇಬ್ಬರು ಒಳ್ಳೆ ಹುಡುಗರು ಇರುತ್ತಾರೆ, 61 ಖಾಲಿ ಇರುತ್ತದೆ. ‘ನೀನು ಸ್ವಲ್ಪ ಇಳಿಸಿಬಿಡು’ ಎಂದು ಒಬ್ಬನಿಗೆ ಹೇಳಿಬಿಡುತ್ತಾರೆ. ಹಾಗೆ ಮಾಡಬೇಡಿ. ಇಬ್ಬರಿಗೂ ಸೆಲೆಕ್ಷನ್ ಕುಸ್ತಿ ಹಿಡಿಸಿ, ಗೆದ್ದವನು 65ಕ್ಕೆ, ಸೋತವನು ಬೇಕಿದ್ದರೆ 70ಕ್ಕೆ ಹೋಗಲಿ. 61ಕ್ಕೆ 59 ಕೆ.ಜಿ. ತೂಗುವ ಕಿರಿಯ ಹುಡುಗನನ್ನು ಹಾಕಿ. ಹೊಟ್ಟೆ ತುಂಬ ಉಂಡು ಎರಡು ಕೆ.ಜಿ. ಕಡಿಮೆ ಇರುವವನು, ಒಣಗಿ ಬಂದವನಿಗಿಂತ ಚೆನ್ನಾಗಿ ಆಡುತ್ತಾನೆ. ಐದನೇ ಸ್ಥಾನ ಬಂದರೂ ತಂಡದ ಖಾತೆಗೆ ಅಂಕ ಬರಬಹುದು. ತೂಕದಲ್ಲಿ ಹೊರಬಿದ್ದವನಿಂದ ಏನೂ ಬರುವುದಿಲ್ಲ.

ಹೆಜ್ಜೆ 3: ಮಟ್ಟಿಯಿಂದ ಮ್ಯಾಟಿಗೆ

ಗರಡಿ ಮನೆಯ ಕೆಮ್ಮಣ್ಣಿನಲ್ಲಿ ಬೆಳೆದ ಹುಡುಗರಿಗೆ ಶಕ್ತಿ, ಹಿಡಿತ ಎರಡೂ ಇರುತ್ತವೆ. ಬಾಗಲಕೋಟೆ, ಬೆಳಗಾವಿ, ದಾವಣಗೆರೆ, ಮೈಸೂರು ಯಾವ ಕಡೆಯವರೇ ಇರಲಿ, ಮ್ಯಾಟ್ ಮೇಲೆ ಮೂರು ಕಡೆ ಎಡವುತ್ತಾರೆ.

ಮೊದಲನೆಯದು, ಬೋರಲು ಮಲಗುವುದು. ನಾಡಕುಸ್ತಿಯಲ್ಲಿ ಬೆನ್ನು ತಾಗಿ ಚಿತ್ ಆಗುವವರೆಗೆ ಸೋಲಿಲ್ಲ. ಹಾಗಾಗಿ ಹೊಟ್ಟೆ ಕೆಳಗೆ ಮಾಡಿ ಮಲಗಿದರೆ ಕ್ಷೇಮ ಎಂದು ಮೈಗೆ ರೂಢಿಯಾಗಿರುತ್ತದೆ. ಮ್ಯಾಟ್ ಮೇಲೆ ಎದುರಾಳಿ ಕೆಡವಿದಾಗಲೇ ಎರಡು ಅಂಕ ಹೋಯಿತು. ಆಮೇಲೆ ಸೊಂಟ ಬಿಗಿದು ಒಮ್ಮೆ ಉರುಳಿಸಿದರೆ ಇನ್ನೆರಡು. ನಾಲ್ಕು ಸಲ ಉರುಳಿಸಿದರೆ ಹತ್ತು. ಫ್ರೀಸ್ಟೈಲ್‌ನಲ್ಲಿ ಹತ್ತು ಅಂಕದ ಅಂತರ ಬಂತೆಂದರೆ ಆಟ ಮುಗಿಯಿತು, ಗ್ರೀಕೊ-ರೋಮನ್‌ನಲ್ಲಿ ಎಂಟೇ ಸಾಕು. ಅರ್ಧ ನಿಮಿಷವೂ ಬೇಡ. ಆದ್ದರಿಂದ ದಿನಾ ಹತ್ತು ನಿಮಿಷ ಒಂದೇ ಅಭ್ಯಾಸ ಮಾಡಿಸಿ: ಮೇಲಿನವನು ಸೊಂಟ ಹಿಡಿದಿರಲಿ, ಕೆಳಗಿನವನು ಮೊಣಕೈ ಪಕ್ಕೆಗೆ ಒತ್ತಿ, ಸೊಂಟ ನೆಲಕ್ಕೆ ಅಂಟಿಸಿ, ಉರುಳುವ ದಿಕ್ಕಿಗೆ ಕಾಲು ಚಾಚಿ ತಡೆಯಲಿ.

ಎರಡನೆಯದು, ಗೆರೆ. ಒಂಬತ್ತು ಮೀಟರ್ ವೃತ್ತದ ಅಂಚಿನ ಒಂದು ಮೀಟರ್ ಬೇರೆ ಬಣ್ಣದಲ್ಲಿ ಇರುತ್ತದೆ. ಅದರಾಚೆ ಕಾಲಿಟ್ಟರೆ ಎದುರಾಳಿಗೆ ಒಂದು ಅಂಕ. ಅಖಾಡದಲ್ಲಿ ಆ ಗೊಡವೆಯೇ ಇಲ್ಲ. ಅಂಚಿನ ಪಟ್ಟಿಯ ಮೇಲೆ ನಿಲ್ಲಿಸಿ, ಅಲ್ಲಿಂದಲೇ ಕುಸ್ತಿ ಶುರು ಮಾಡಿಸಿ. ಮೂರನೆಯದು, ಸುಮ್ನೆ ಕಾಯುವುದು. ಮೂರು ನಿಮಿಷದ ಎರಡು ಅವಧಿ, ನಡುವೆ ಮೂವತ್ತು ಸೆಕೆಂಡ್ ಬಿಡುವು, ಅಷ್ಟೇ. ಆಡದೆ ನಿಂತರೆ ರೆಫರಿ ಎಚ್ಚರಿಸುತ್ತಾರೆ, ಆಮೇಲೆ ಅಂಕ ಕೈಬಿಡುತ್ತದೆ. ಇನ್ನು ಗ್ರೀಕೊ-ರೋಮನ್ ಆಡುವವರು ಕಾಲಿಗೆ ಕೈ ಹಾಕಿ ಎತ್ತಿ ಕೆಡವುವ ಕಲಾಜಂಗ್ ಪಟ್ಟು ಮರೆತುಬಿಡಿ. ಅಲ್ಲಿ ಎದುರಾಳಿಯ ಕಾಲಿಗೆ ಕೈ ಹಾಕುವಂತಿಲ್ಲ.

ಹೆಜ್ಜೆ 4: ತೂಕ ಇಳಿಸುವುದು

ಮೊದಲು ನಿಮ್ಮ ನಿಜವಾದ ತೂಕ ತಿಳಿದುಕೊಳ್ಳಿ. ಒಂದು ವಾರ ದಿನಾ ಬೆಳಿಗ್ಗೆ, ಶೌಚ ಮುಗಿಸಿ, ಏನೂ ಕುಡಿಯದೆ ತೂಗಿ. ಅದರ ಸರಾಸರಿಯೇ ನಿಮ್ಮ ತೂಕ. ಹಾಸ್ಟೆಲ್ ರೂಮಿನಲ್ಲಿರುವ ತೆಳ್ಳನೆ ಗಾಜಿನ ಮಷೀನನ್ನು ಕಣ್ಣುಮುಚ್ಚಿ ನಂಬಬೇಡಿ. ಅದನ್ನು ಮ್ಯಾಟ್ ಮೇಲೆ ಇಟ್ಟರೆ ಒಂದು ಲೆಕ್ಕ, ಸಿಮೆಂಟ್ ಮೇಲೆ ಇಟ್ಟರೆ ಇನ್ನೊಂದು. ಎಪಿಎಂಸಿ ಅಂಗಳದಲ್ಲೋ ರೇಷನ್ ಅಂಗಡಿಯಲ್ಲೋ ಇರುವ, ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದ ಕಾಟಾದ ಮೇಲೆ ಒಮ್ಮೆ ನಿಂತು, ಎರಡಕ್ಕೂ ಎಷ್ಟು ವ್ಯತ್ಯಾಸ ಎಂದು ಮಷೀನಿಗೆ ಚೀಟಿ ಅಂಟಿಸಿ.

ಈಗ ಲೆಕ್ಕ. ನೀವು 68.4 ಇದ್ದೀರಿ, 65ಕ್ಕೆ ಹೋಗಬೇಕು ಅಂದುಕೊಳ್ಳಿ. ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಜಾಸ್ತಿ ಇಳಿಸಬಾರದು. ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಇದು ನಿಯಮವೇ. ಅಂದರೆ ನಿಮಗೆ ವಾರಕ್ಕೆ ಒಂದು ಕೆ.ಜಿ. ನಾಲ್ಕು ವಾರ ಕೈಯಲ್ಲಿದ್ದರೆ ಆರಾಮ. ಹತ್ತೇ ದಿನ ಉಳಿದಿದೆಯೇ? 70ಕ್ಕೆ ಹೆಸರು ಕೊಡಿ. ಇದರಲ್ಲಿ ಚೌಕಾಸಿ ಬೇಡ.

ಆ ನಿಯಮ ಸುಮ್ನೆ ಬಂದದ್ದಲ್ಲ. 1997ರ ನವೆಂಬರ್–ಡಿಸೆಂಬರ್‌ನಲ್ಲಿ, ಐದು ವಾರದೊಳಗೆ, ಅಲ್ಲಿನ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ರಬ್ಬರ್ ಸೂಟ್ ತೊಟ್ಟು, ನೀರು ಬಿಟ್ಟು, ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡಿ. ಆಮೇಲೆ ಅಲ್ಲಿ ರಬ್ಬರ್ ಸೂಟ್, ಸೌನಾ (ಬೆವರಿಳಿಸುವ ಬಿಸಿ ಕೋಣೆ), ಮೂತ್ರ ಹೆಚ್ಚಿಸುವ ಮಾತ್ರೆ ಎಲ್ಲ ನಿಷೇಧವಾದವು. ನಮ್ಮಲ್ಲಿ ಅದೇ ಪ್ಲಾಸ್ಟಿಕ್ ಸೂಟನ್ನು ‘ಕೊಬ್ಬು ಕರಗಿಸುತ್ತದೆ’ ಎಂದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಕೊಬ್ಬು ಕರಗುವುದಿಲ್ಲ, ನೀರು ಹೋಗುತ್ತದೆ. ಬೆವರು ಆರಲು ಜಾಗವಿಲ್ಲದೆ ಮೈಯ ಕಾವು ಏರುತ್ತಲೇ ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ನೀರಿಳಿಸುವ ಮಾತ್ರೆ ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿದೆ. ಸಿಕ್ಕಿಬಿದ್ದರೆ ಪದಕ ಹೋಗುತ್ತದೆ, ಜೊತೆಗೆ ವರ್ಷಗಟ್ಟಲೆ ಆಟವೂ ಹೋಗುತ್ತದೆ. ಜಿಮ್‌ನವರು ಕೊಡುವ ‘ಫ್ಯಾಟ್ ಬರ್ನರ್’ ಡಬ್ಬಿಯಲ್ಲಿ ಏನಿದೆ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಮುಟ್ಟಬೇಡಿ.

ಹಾಗಾದರೆ ಇಳಿಸುವುದು ಹೇಗೆ? ಮೊದಲ ಮೂರ್ನಾಲ್ಕು ವಾರ ಊಟದಲ್ಲಿ. ಥಂಡಾಯಿ ನಿಲ್ಲಿಸಿ. ಬಾದಾಮಿ, ತುಪ್ಪ, ಗಟ್ಟಿ ಹಾಲು ಸೇರಿದ ಒಂದು ದೊಡ್ಡ ಲೋಟ ಒಂದು ಊಟಕ್ಕೆ ಸಮ. ಗರಡಿಯ ಗುರು ವಸ್ತಾದರು ಬೇಜಾರು ಮಾಡಿಕೊಳ್ಳಬಹುದು, ಕೂಟ ಮುಗಿದ ಮೇಲೆ ಮತ್ತೆ ಶುರು ಮಾಡುತ್ತೇನೆ ಎಂದು ಸಮಾಧಾನ ಹೇಳಿ. ಸಂಜೆಯ ಮಿರ್ಚಿ ಭಜಿ, ಬೇಕರಿ ಪಫ್ಸ್, ಕೂಲ್ ಡ್ರಿಂಕ್ಸ್ ಬಂದ್. ರಾತ್ರಿ ಒಂದು ರೊಟ್ಟಿ ಕಡಿಮೆ. ಮೊಟ್ಟೆ, ಮೊಸರು, ಹೆಸರುಕಾಳು, ಮೀನು ಕಡಿಮೆ ಮಾಡಬೇಡಿ. ಅವನ್ನು ಬಿಟ್ಟರೆ ಕೊಬ್ಬಿನ ಬದಲು ಮಾಂಸಖಂಡ ಇಳಿಯುತ್ತದೆ. ನೀರಂತೂ ಎಂದಿನಂತೆ ಕುಡಿಯಿರಿ.

ಕೊನೆಯ ಮೂರು ದಿನದ ಊಟ ಉತ್ತರ ಕರ್ನಾಟಕದವರಿಗೆ ಕಷ್ಟ: ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು ಬಿಟ್ಟು ಬಿಳಿ ಅನ್ನ, ಮೊಸರು, ಮೊಟ್ಟೆ. ನಾರು ಜಾಸ್ತಿ ಇರುವ ಊಟ ನೀರು ಹಿಡಿದುಕೊಂಡು ಕರುಳಿನಲ್ಲೇ ಕೂರುತ್ತದೆ. ಅದನ್ನು ಬಿಟ್ಟರೆ ಶಕ್ತಿ ಕುಂದದೆ ಅರ್ಧ ಕೆ.ಜಿ. ಇಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯೂ ಬೇಡ, ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ.

ಇನ್ನೊಂದು ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. ರಾತ್ರಿ ಮಲಗಿದಾಗ ಉಸಿರು, ಬೆವರು, ಮೂತ್ರದಲ್ಲಿ ಮೈ ತಾನಾಗೇ ಅರ್ಧದಿಂದ ಒಂದು ಕೆ.ಜಿ. ಇಳಿಯುತ್ತದೆ. ನಿಮ್ಮದು ಎಷ್ಟು ಎಂದು ಎರಡು ವಾರ ಮೊದಲಿಂದ ಬರೆದಿಡಿ. ರಾತ್ರಿ ಒಂಬತ್ತಕ್ಕೆ 65.7, ಬೆಳಿಗ್ಗೆ ಆರಕ್ಕೆ 65.1, ಶೌಚ ಮುಗಿಸಿದ ಮೇಲೆ 64.9. ಹೀಗೆ ಇದ್ದರೆ ಕೂಟದ ಹಿಂದಿನ ರಾತ್ರಿ 65.7 ನೋಡಿ ಗಾಬರಿಯಾಗಿ ಓಡಬೇಕಿಲ್ಲ. ನಿದ್ದೆ ಮಾಡಿದರೆ ಸಾಕು. ಹುಡುಗಿಯರಿಗೆ ತಿಂಗಳ ಕೆಲವು ದಿನ ಮೈಯಲ್ಲಿ ನೀರು ನಿಂತು ತೂಕ ಏರುತ್ತದೆ. ದಿನಾ ಬರೆದಿಟ್ಟರೆ ಅದೂ ಗೊತ್ತಾಗುತ್ತದೆ. ಹಳಿಯಾಳದ ಕಡೆಯಿಂದಲೋ ಬೇರೆಡೆಯಿಂದಲೋ ಹುಡುಗಿಯರ ತಂಡ ಕರೆತರುವ ಪಿ.ಡಿ. ಸರ್‌ಗಳು ಇದನ್ನು ಮಾತಾಡಲು ಮುಜುಗರ ಪಟ್ಟರೆ, ಒಬ್ಬ ಮೇಡಂ ಅವರಿಗೆ ಆ ಕೆಲಸ ಒಪ್ಪಿಸಿ.

ಎರಡು ದಿನ ನಡೆಯುವ ಕೂಟವಾದರೆ ಎರಡನೇ ದಿನವೂ ತೂಕ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ವಿನೇಶ್ ಫೋಗಾಟ್ ಮೊದಲ ದಿನ 50 ಕೆ.ಜಿ.ಯಲ್ಲಿ ತೂಕ ಕೊಟ್ಟು, ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದ್ದರು. ಮರುದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ಬಂತು. ಪದಕವೂ ಇಲ್ಲ, ಸ್ಥಾನವೂ ಇಲ್ಲ. ಎರಡು ದಿನ ಕಳೆದು ಅಮನ್ ಸೆಹ್ರಾವತ್ ಹತ್ತು ಗಂಟೆಯಲ್ಲಿ 4.6 ಕೆ.ಜಿ. ಇಳಿಸಿ 57 ಕೆ.ಜಿ.ಯಲ್ಲಿ ಕಂಚು ಗೆದ್ದರು. ಅದನ್ನು ನೋಡಿ ‘ನಾನೂ ಮಾಡುತ್ತೇನೆ’ ಎನ್ನುವ ಹುಡುಗರಿದ್ದಾರೆ. ಒಲಿಂಪಿಕ್ಸ್‌ನಲ್ಲಿ ಅವರ ಜೊತೆ ರಾತ್ರಿಯಿಡೀ ಕೋಚ್‌ಗಳಿದ್ದರು. ನಿಮ್ಮ ಜೊತೆ ಇರುವುದು ರೂಮ್‌ಮೇಟ್. ಎರಡನೇ ದಿನ ಇದೆ ಎಂದರೆ ಮೊದಲ ದಿನವೇ ಮಿತಿಗಿಂತ 400–500 ಗ್ರಾಂ ಕಡಿಮೆ ಇರುವಂತೆ ನೋಡಿಕೊಳ್ಳಿ, ಅಷ್ಟೇ.

ಹೆಜ್ಜೆ 5: ಚರ್ಮ, ಉಗುರು, ಶೂ

ತೂಕದ ಜೊತೆಗೆ ವೈದ್ಯರು ಚರ್ಮವನ್ನೂ ನೋಡುತ್ತಾರೆ. ಗಜಕರ್ಣ ಕಂಡರೆ ವಾಪಸ್ ಕಳಿಸಬಹುದು. ಹುಡುಗರು ಮೆಡಿಕಲ್ ಶಾಪಿಗೆ ಹೋಗಿ ‘ತುರಿಕೆಗೆ ಏನಾದ್ರೂ ಕೊಡಿ’ ಎಂದು ಸ್ಟೀರಾಯ್ಡ್ ಬೆರೆತ ಕ್ರೀಮ್ ತಂದು ಹಚ್ಚುತ್ತಾರೆ. ಎರಡು ದಿನ ಕೆಂಪು ಕಡಿಮೆಯಾಗುತ್ತದೆ, ಆಮೇಲೆ ಮೈಯೆಲ್ಲ ಹರಡುತ್ತದೆ. ತಿಂಗಳು ಮೊದಲೇ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಅಭ್ಯಾಸ ಮುಗಿದ ಕೂಡಲೇ ಸ್ನಾನ, ಒಬ್ಬರ ಟವೆಲ್ ಇನ್ನೊಬ್ಬರು ಬಳಸುವುದು ಬೇಡ, ಮ್ಯಾಟ್ ದಿನಾ ಒರೆಸಿ.

ಉಗುರು ಹಿಂದಿನ ದಿನ ಕತ್ತರಿಸಿ. ಸಿಂಗ್ಲೆಟ್ (ಮೈಗಂಟುವ ಕುಸ್ತಿ ಉಡುಪು) ಕೆಂಪು ಒಂದು, ನೀಲಿ ಒಂದು. ಶೂ ಕುಸ್ತಿಯದ್ದೇ ಇರಲಿ. ಓಟದ ಶೂ ಹಾಕಿ ಬಂದವರ ಹಿಮ್ಮಡಿ ಮ್ಯಾಟ್‌ಗೆ ಸಿಕ್ಕಿ ಮೊಣಕಾಲು ತಿರುಗುತ್ತದೆ. ಹೊಸ ಶೂ ಕೂಟದ ದಿನ ಹಾಕಬೇಡಿ.

ಹೆಜ್ಜೆ 6: ತೂಕದ ಬೆಳಿಗ್ಗೆ

ತೂಕಕ್ಕೆ ಸಿಂಗ್ಲೆಟ್ ಹಾಕಿಕೊಂಡೇ ನಿಲ್ಲಬೇಕು. ಬಟ್ಟೆಗೆ ವಿನಾಯಿತಿ ಇಲ್ಲ. ಹಾಗಾಗಿ ಮನೆಯ ಲೆಕ್ಕದಲ್ಲೂ ಸಿಂಗ್ಲೆಟ್ ಸೇರಿಸಿ. ಅಂತಾರಾಷ್ಟ್ರೀಯ ನಿಯಮದಲ್ಲಿ ಮೊದಲ ದಿನದ ತೂಕಕ್ಕೆ ಅರ್ಧ ಗಂಟೆ ಸಮಯ, ಅಷ್ಟರೊಳಗೆ ಸರದಿಯಂತೆ ಎಷ್ಟು ಸಲ ಬೇಕಾದರೂ ಮಷೀನ್ ಹತ್ತಬಹುದು. ಅದಕ್ಕೇ ಮೊದಲ ಐದು ನಿಮಿಷದಲ್ಲೇ ಹೋಗಿ. ಐವತ್ತು ಗ್ರಾಂ ಜಾಸ್ತಿ ಬಂದರೆ ಮತ್ತೆ ಶೌಚಕ್ಕೆ ಹೋಗಿ ಬರಲು ಹೊತ್ತು ಇರುತ್ತದೆ. ಕೊನೆ ಗಳಿಗೆಯಲ್ಲಿ ಬಂದವರಿಗೆ ಅದೂ ಇಲ್ಲ.

ತೂಕ ಆದ ಮೇಲಿನ ಎರಡು ಗಂಟೆಯೇ ನಿಮ್ಮ ಕುಸ್ತಿ. ಇಲ್ಲೂ ಎಡವುತ್ತಾರೆ. ಗೇಟಿನಾಚೆ ಹೋಟೆಲಿಗೆ ನುಗ್ಗಿ ನಾಲ್ಕು ಪೂರಿ, ಮಸಾಲೆ ದೋಸೆ, ಮೇಲೊಂದು ಲೋಟ ಹಾಲು. ಹೊಟ್ಟೆ ಕಲ್ಲಾಗಿ ಕೂರುತ್ತದೆ. ಇನ್ನು ಕೆಲವರು ಗ್ಲೂಕೋಸ್ ಪುಡಿಯನ್ನು ಒಣದಾಗಿಯೇ ಬಾಯಿಗೆ ಸುರಿದುಕೊಳ್ಳುತ್ತಾರೆ. ಮೊದಲೇ ಒಣಗಿದ ಮೈಯಿಂದ ಅದು ಕರುಳಿಗೆ ನೀರೆಳೆಯುತ್ತದೆ, ಹೊಟ್ಟೆ ಕೆಡುತ್ತದೆ.

ಮೊದಲು ಓಆರ್‌ಎಸ್. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣ, ಗುಟುಕು ಗುಟುಕಾಗಿ. ಕಳೆದ ಪ್ರತಿ ಕೆ.ಜಿ.ಗೆ ಒಂದೂವರೆ ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಟೆಟ್ರಾಪ್ಯಾಕ್‌ನಲ್ಲಿ ಬರುವ ಸಿಹಿ ಹಣ್ಣಿನ ಪಾನೀಯ ಓಆರ್‌ಎಸ್ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಬಳಸುವುದನ್ನೇ ತಡೆಯಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ ನೋಡಿ. ಹದಿನೈದು ನಿಮಿಷ ಬಿಟ್ಟು ಎರಡು ಬಾಳೆಹಣ್ಣು, ಆಮೇಲೆ ಇಡ್ಲಿ ಅಥವಾ ಮೆತ್ತನೆ ಮೊಸರನ್ನ. ಎಣ್ಣೆ ಬೇಡ, ಖಾರ ಬೇಡ, ಎನರ್ಜಿ ಡ್ರಿಂಕ್ ಬೇಡವೇ ಬೇಡ. ಮೂತ್ರ ತಿಳಿ ಹಳದಿಗೆ ಬರುವವರೆಗೆ ಕುಡಿಯುತ್ತಿರಿ. ಕುಸ್ತಿಗೆ ಇಪ್ಪತ್ತು ನಿಮಿಷ ಮೊದಲು ಬೆವರು ಬರುವಷ್ಟು ಮೈ ಕಾಯಿಸಿ.

ಮೊದಲ ಕುಸ್ತಿ ಸೋತರೆ ಬ್ಯಾಗ್ ಕಟ್ಟಬೇಡಿ. ನಿಮ್ಮನ್ನು ಸೋಲಿಸಿದವನು ಫೈನಲ್ ತಲುಪಿದರೆ ರೆಪೆಶಾಜ್‌ನಲ್ಲಿ (ಸೋತವರಿಗೆ ಸಿಗುವ ಇನ್ನೊಂದು ಅವಕಾಶ) ನಿಮಗೆ ಕಂಚಿನ ದಾರಿ ಮತ್ತೆ ತೆರೆಯುತ್ತದೆ. ಹೆಸರು ಕೂಗಿದಾಗ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಇದ್ದ ಎಂಬ ಕಥೆ ಎಲ್ಲ ಕೂಟದಲ್ಲೂ ಒಂದಾದರೂ ಇರುತ್ತದೆ. ಫೈನಲ್ ಯಾರೆಂದು ಗೊತ್ತಾಗುವವರೆಗೆ ಮೈ ಬೆಚ್ಚಗಿಟ್ಟುಕೊಂಡು, ಲಘುವಾಗಿ ತಿನ್ನುತ್ತ ಅಲ್ಲೇ ಇರಿ.

ಹೆಜ್ಜೆ 7: ಹೊರಡುವ ಮೊದಲು

ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಇದೆಯೇ, ತೂಕದ ವರ್ಗ, ಶೈಲಿ, ಸ್ಥಾನ ಸರಿಯೇ, ಸಹಿ, ಸೀಲು, ದಿನಾಂಕ ಇದೆಯೇ ನೋಡಿ. ಕ್ರೀಡಾ ಕೋಟಾದಲ್ಲಿ ಸೀಟು, ಕೆಲಸ ಕೇಳುವಾಗ ಇವೇ ಬೇಕಾಗುವುದು. ತಪ್ಪಿದ್ದರೆ ಸಂಘಟಕರ ಮೇಜು ಮಡಚುವ ಮೊದಲೇ ತಿದ್ದಿಸಿಕೊಳ್ಳಿ. ಆಮೇಲೆ ಅದೇ ತಿದ್ದುಪಡಿಗೆ ತಿಂಗಳುಗಟ್ಟಲೆ ಓಡಾಡಬೇಕು.